ಮನೆ ಬೋರ್‌ವೆಲ್‌ಗೆ ಯಾವ ಕಾಲ ಒಳ್ಳೇದು?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎರಡು ಮಾತಾಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಯಾವ ವಿಷಯ ಅಂತ ಕೇಳಿದ್ದಕ್ಕೆ, "ಬೋರ್‌ವೆಲ್ ಬಗ್ಗೆ ಹೇಳಿ, ಸಾಲದ ಅರ್ಜಿಗಳಲ್ಲಿ ಅದೂ ಬರ್ತಾ ಇರುತ್ತೆ" ಅಂದರು. ನಾನು ಭೂಗರ್ಭ ಶಾಸ್ತ್ರ ಓದಿದವನಲ್ಲ. ಪೆಟ್ಟು ತಿಂದು ಕಲಿತವನು.

ವಿಜಯನಗರದ ನಮ್ಮ ಮನೆಗೆ ಬೋರ್ ಹಾಕಿಸಿದ್ದು ದೀಪಾವಳಿ ಕಳೆದ ಮೇಲೆ. ಆ ವರ್ಷ ಹಸ್ತ, ಚಿತ್ತೆ ಮಳೆ ಚೆನ್ನಾಗಿ ಹೊಯ್ದಿತ್ತು. ನೀರು ಚಿಮ್ಮಿದಾಗ ಬೀದಿಯವರೆಲ್ಲ ಬಂದು ನೋಡಿದರು. ಎರಡೂವರೆ ಇಂಚು ಅಂದರು. ಅದನ್ನೇ ನಂಬಿ ದೊಡ್ಡ ಮೋಟಾರು ಇಳಿಸಿದೆವು. ಶಿವರಾತ್ರಿ ಹೊತ್ತಿಗೆ ನೀರು ಬಿಟ್ಟು ಬಿಟ್ಟು ಬಂತು. ಯುಗಾದಿಗೆ ಬರೀ ಗಾಳಿ, ಮೋಟಾರೂ ಸುಟ್ಟಿತು. ನೀರು ನಿಂತರೂ ಸಾಲದ ಕಂತು ನಿಲ್ಲಲಿಲ್ಲ.

ಹೀಗೇಕಾಯಿತು? ನಮ್ಮ ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಶಿಥಿಲ ಕಲ್ಲು-ಮಣ್ಣಿನ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ವರ್ಷಕ್ಕೆ ಸುಮಾರು 98 ಸೆಂಟಿಮೀಟರು ಮಳೆ. ಅದರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದೇ ದೊಡ್ಡ ಪಾಲು. ಆಗ ಮೇಲಿನ ಪದರ ತುಂಬಿರುತ್ತೆ, ಯಾರು ಕೊರೆದರೂ ನೀರು ಕಾಣುತ್ತೆ. ಅದು ನೆಂಟನಂತೆ ಬಂದ ನೀರು. ಮನೆಯವನಂತೆ ಇರುವ ನೀರು ಯಾವುದು ಅಂತ ತಿಳಿಯಬೇಕಾದರೆ ಬೇಸಿಗೆಯಲ್ಲೇ ನೋಡಬೇಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅತ್ತಿಗುಪ್ಪೆ, ಹೊಸಹಳ್ಳಿ, ಕೆಂಪಾಪುರ ಅಗ್ರಹಾರ ಎಲ್ಲಾ ಹಳ್ಳಿಗಳಾಗಿದ್ದ ಕಾಲದಲ್ಲಿ ಬಾವಿ ತೋಡಲು ಬೇಸಿಗೆಯೇ ಸರಿ. ನೀರು ಇಳಿದಿದ್ದರೆ ತಾನೆ ಕೆಳಗಿಳಿದು ಅಗೆಯಲು ಆಗುವುದು? ಬೇಸಿಗೆಯಲ್ಲಿ ಸಿಕ್ಕ ಸೆಲೆ ವರ್ಷವಿಡೀ ಇರುತ್ತಿತ್ತು. ರಿಗ್ ಲಾರಿ ಬಂದ ಮೇಲೆ ಯಾವ ಕಾಲದಲ್ಲಾದರೂ ಕೊರೆಯಬಹುದು ಎಂದಾಯಿತು, ನಾವು ಕಾಲ ನೋಡುವುದನ್ನೇ ಮರೆತೆವು.

ಆದ್ದರಿಂದ ನನ್ನ ಸಲಹೆ: ಯುಗಾದಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ ಕೊರೆಸಿ. ಆಗ ಒಂದಿಂಚು ಬಂದರೂ ಅದು ನಂಬುವ ನೀರು. ಮೋಟಾರನ್ನೂ ಆ ಲೆಕ್ಕಕ್ಕೇ ಇಳಿಸಿ.

ಇದರಲ್ಲೂ ತೊಡಕಿದೆ. ಬೇಸಿಗೆಯಲ್ಲಿ ಎಲ್ಲರಿಗೂ ರಿಗ್ ಬೇಕು, ದರ ಏರುತ್ತೆ. ಜೊತೆಗೆ ಸರ್ಕಾರದ ಕಟ್ಟುಪಾಡು. 2011ರ ಅಂತರ್ಜಲ ಕಾಯ್ದೆ ಇದೆ. 2024ರ ಬೇಸಿಗೆ ನೆನಪಿರಬೇಕು: ನಗರದ ಸುಮಾರು 14,000 ಸಾರ್ವಜನಿಕ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ಮಾರ್ಚ್ 15ರಿಂದ ಅನುಮತಿ ಇಲ್ಲದೆ ಕೊರೆಸುವಂತಿಲ್ಲ ಎಂದು ಜಲಮಂಡಳಿ ಆಜ್ಞೆ ಮಾಡಿತು. ಹಾಗಾಗಿ ಅರ್ಜಿ, ರಿಗ್ ಮಾತುಕತೆ, ಸಾಲದ ಏರ್ಪಾಡು ಎಲ್ಲಾ ಸಂಕ್ರಾಂತಿ ಹೊತ್ತಿಗೇ ಮುಗಿಸಿಕೊಳ್ಳಿ. ಬೇಸಿಗೆವರೆಗೆ ಕಾಯಲು ಆಗದೆ ಮಳೆಗಾಲದ ನಂತರ ಹಾಕಿಸಿದ್ದೇ ಆದರೆ, ಕಂಡ ನೀರಿನ ಲೆಕ್ಕಕ್ಕೆ ದೊಡ್ಡ ಮೋಟಾರು ಕೊಳ್ಳಬೇಡಿ.

ಕೊರೆಸುವ ಮುಂಚೆ ಒಂದು ಬೇಸಿಗೆ ಸುಮ್ಮನೆ ಅಕ್ಕಪಕ್ಕ ವಿಚಾರಿಸಿ. ಏಪ್ರಿಲ್‌ನಲ್ಲಿ ಯಾರ ಬೋರ್ ಓಡುತ್ತಿದೆ, ಯಾರ ಮನೆ ಮುಂದೆ ಟ್ಯಾಂಕರ್ ನಿಂತಿದೆ? ಖರ್ಚಿಲ್ಲದೆ ಸಿಗುವ ವಿದ್ಯೆ ಇದು. ಅಕ್ಕಪಕ್ಕದ ನಾಲ್ಕೂ ಬೋರ್ ಒಣಗಿದ್ದರೆ ಐದನೆಯದಕ್ಕೆ ಸಾಲ ಕೇಳಬೇಡಿ.

ಕಾಲ ನೋಡಿ ಕೊರೆಸಿದರೆ ಸತ್ಯ ತಿಳಿಯುತ್ತೆ ಅಷ್ಟೆ, ನೀರು ಹುಟ್ಟುವುದಿಲ್ಲ. ನೀರು ಬರಬೇಕಾದ್ದು ಮಳೆಯಿಂದಲೇ. ಮೂವತ್ತು-ನಲವತ್ತು ಅಡಿ ತಾರಸಿ ಇದ್ದರೆ ಅದರ ಮೇಲೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಮಳೆ ಬೀಳುತ್ತೆ. ಅದನ್ನು ಮೋರಿಗೆ ಬಿಟ್ಟು ಬಂಡೆಯ ಹತ್ತಿರ ನೀರು ಕೇಳುವುದು ಯಾವ ನ್ಯಾಯ? ತಾರಸಿ ನೀರನ್ನು ಸೋಸಿ ಸಂಪಿಗೆ ಬಿಡಿ, ಉಳಿದದ್ದನ್ನು ಇಂಗುಗುಂಡಿಗೆ ಇಳಿಸಿ.

ನಮ್ಮ ಸಂಘದಲ್ಲಿ ಎಲ್ಲರೂ ಕಟ್ಟಿದರೆ ತಾನೆ ಒಬ್ಬರಿಗೆ ಸಾಲ ಸಿಗುವುದು? ನೆಲದ ಲೆಕ್ಕವೂ ಹಾಗೇ. ಕಟ್ಟದೆ ಬರೀ ತೆಗೆದರೆ ಯಾವ ಸಂಘವೂ ಇಪ್ಪತ್ತೈದು ವರ್ಷ ಬಾಳುವುದಿಲ್ಲ.