ಶಾಲೆಯ ಗೇಟು ಮತ್ತು ನಮ್ಮ ನಂಬಿಕೆ

ನಾನು ದಾಂಡೇಲಿ ಹತ್ರ ಅಂಬೇವಾಡಿಯವನು, ಚರ್ಚಿನ ಯುವಕರ ಗುಂಪಿನಲ್ಲಿದ್ದೀನಿ. "ಶಾಲೆಗೇ ಹೋಗಿ ಯೇಸುವಿನ ಬಗ್ಗೆ ಹೇಳಬಾರದಾ?" ಅಂತ ನಮ್ಮ ಹುಡುಗರು ಕೇಳ್ತಾರೆ.

ಸಂವಿಧಾನದ 28ನೇ ವಿಧಿ ನೋಡ್ರಿ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯೋ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಅನುದಾನಿತ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸುವಂತಿಲ್ಲ.

ಬಾಸೆಲ್ ಮಿಷನ್ನಿನವರು ಬಂದದ್ದು ಮತಪ್ರಚಾರಕ್ಕೇ. ಆದ್ರೆ ನಾಡು ಇವತ್ತಿಗೂ ನೆನೆಯೋದು ಮೊಗ್ಲಿಂಗರ 1843ರ 'ಮಂಗಳೂರ ಸಮಾಚಾರ', ಕಿಟೆಲ್ಲರ 1894ರ ನಿಘಂಟು. ಅವನ್ನು ಓದೋಕೆ ಯಾರೂ ಧರ್ಮ ಬದಲಿಸಬೇಕಿರಲಿಲ್ಲ.

ಅದಕ್ಕೇ ನಾವು ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿಕೊಡ್ತೀವಿ. ಯಾರಾದ್ರೂ ಬರಬಹುದು, ಅಲ್ಲಿ ಬೈಬಲ್ ತೆಗೆಯಲ್ಲ. ಬೈಬಲ್ ಪಾಠ ಭಾನುವಾರ ಚರ್ಚಿನಲ್ಲಿ, ಅದೂ ಮನೆಯವರು ಒಪ್ಪಿದ ಮಕ್ಕಳಿಗೆ ಮಾತ್ರ. ಕಲಿಸಿದ ಲೆಕ್ಕಕ್ಕೆ ಮಗುವಿನ ನಂಬಿಕೆಯನ್ನು ಫೀಸಾಗಿ ಕೇಳಿದರೆ ಅದು ಸೇವೆಯಲ್ಲ, ವ್ಯಾಪಾರ.