ಇಲ್ಲದಿದ್ದರೇ ಲೋಕಕ್ಕೆ ಲೇಸು

(ವೈಟ್‌ಫೀಲ್ಡಿನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಯಾವ ಯಾವ ವಸ್ತುಗಳು ಇಲ್ಲದಿದ್ದರೆ ಲೋಕಕ್ಕೆ ಲೇಸಾಗುತ್ತಿತ್ತು ಎಂಬುದು ಇಂದಿನ ನಮ್ಮ ವಿಷಯ. ಯುದ್ಧ, ಕ್ಷಾಮ, ಲಂಚ, ಅಸ್ಪೃಶ್ಯತೆ ಎಂದು ಪಟ್ಟಿ ಬರೆಯಹೊರಟರೆ ಅದಕ್ಕೆ ಕೊನೆಯಿರದು. ಆದುದರಿಂದ ಬೆಂಗಳೂರಿನ ಅಂಚಿನಲ್ಲಿಯೇ ಕಾಣಸಿಗುವ ಎರಡು ವಸ್ತುಗಳನ್ನೂ, ಅವೆರಡಕ್ಕೂ ತಾಯಿಬೇರಾದ ಮೂರನೆಯದೊಂದನ್ನೂ ಮಾತ್ರ ತಮ್ಮ ಮುಂದಿಡುವೆವು.

ಮೊದಲನೆಯದು ನೊರೆ. ಬೆಳ್ಳಂದೂರಿನ ಕೆರೆಯು ಸುಮಾರು 900 ಎಕರೆಯಷ್ಟು ವಿಸ್ತಾರವಾದುದು. ಅದರ ಕೋಡಿಯ ನೀರು ವರ್ತೂರಿನ ಕೆರೆಗೆ ಸೇರುವುದು. ಹಿಂದೆ ಹೊಲಗದ್ದೆಗಳಿಗೆ ಉಣಿಸುತ್ತಿದ್ದ ಈ ಕೆರೆಗಳಿಗೆ ನಗರದ ಕೊಳಚೆಯು ಸಂಸ್ಕಾರವಿಲ್ಲದೆ ಬಂದು ಬಿದ್ದಿತು. ಬಟ್ಟೆ ತೊಳೆಯುವ ಪುಡಿಯ ಅಂಶವು ಅದರೊಡನೆ ಬೆರೆಯಿತು. ಕೋಡಿಯಲ್ಲಿ ನೀರು ಧುಮುಕಿದಾಗ ಕಡೆದ ಮಜ್ಜಿಗೆಯಂತೆ ನೊರೆಯೆದ್ದು, ಗಾಳಿಗೆ ಹಾರಿ, ದಾರಿಹೋಕರ ಮೈಮೇಲೆ ಬಿದ್ದುದನ್ನು ಈ ಸಭೆಯಲ್ಲಿ ಅನೇಕರು ಕಣ್ಣಾರೆ ಕಂಡಿರುವಿರಿ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿ 19ರಂದು ಕೆರೆಯಂಗಳದ ಒಣಹುಲ್ಲು ಉರಿದಾಗ ಅಗ್ನಿಶಾಮಕ ದಳದವರೊಡನೆ ಸೈನಿಕರೂ ಬಂದು ಆರಿಸಬೇಕಾಯಿತು. ಬೆಂಕಿಯನ್ನು ಆರಿಸಬೇಕಾದ ನೀರಿನ ಮೇಲೆಯೇ ಬೆಂಕಿ! ಇದಕ್ಕಿಂತ ನಾಚಿಕೆಗೇಡು ಮತ್ತೊಂದುಂಟೇ? ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿ, ನಗರಪಾಲಿಕೆಗೆ 25 ಕೋಟಿ ರೂಪಾಯಿ ತೆರಬೇಕೆಂದು ವಿಧಿಸಿತು. ಆ ಬಳಿಕ ಹೂಳೆತ್ತುವ ಕಾರ್ಯವು ನಡೆಯಿತು, ನಿಜ. ಆದರೆ ಬರುವ ಕೊಳಚೆಯನ್ನು ನಿಲ್ಲಿಸದೆ ಹೂಳನ್ನು ಮಾತ್ರ ಎತ್ತುವುದು ತೂತುಕೊಡಕ್ಕೆ ನೀರು ಹೊತ್ತಂತೆ.

ಎರಡನೆಯದು ಕದ್ದು ಬಿಡುವ ವಿಷಜಲ. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರಖಾನೆಗಳು ಲಕ್ಷಾಂತರ ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಆ ಉಪಕಾರವನ್ನು ನಾವು ಮರೆಯಲಾರೆವು. ಆದರೆ ಲೋಹಕ್ಕೆ ಹೊಳಪಿನ ಲೇಪ ಕೊಡುವ ಕೆಲಸದಲ್ಲಿ ಬಳಸುವ ಕ್ರೋಮಿಯಂ ಅಲ್ಲಿನ ಅಂತರ್ಜಲದಲ್ಲಿಯೂ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಕೊಳಕು ನೀರನ್ನು ಶುದ್ಧಿಮಾಡದೆ ಹೊರಬಿಡಬಾರದೆಂಬ ಕಾನೂನು 1974ರಷ್ಟು ಹಿಂದೆಯೇ ಹುಟ್ಟಿತು. ಕಾನೂನು ಹಗಲಿನಲ್ಲಿ ಎಚ್ಚರವಾಗಿರುವುದು. ಕೊಳವೆ ರಾತ್ರಿಯಲ್ಲಿ ತೆರೆಯುವುದು.

ಮೂರನೆಯದೇ ತಾಯಿಬೇರು: ‘ನಮ್ಮ ಬೇಲಿ ದಾಟಿದುದು ನಮ್ಮದಲ್ಲ’ ಎಂಬ ಬುದ್ಧಿ. ಬೇಲಿ ದಾಟಿದ ನೀರು ಹೋಗುವುದೆಲ್ಲಿಗೆ? ವರ್ತೂರಿನ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಹರಿಯುವುದು, ಅಲ್ಲಿಯೂ ನೊರೆಯೆದ್ದಿದೆ. ಆ ಸೀಮೆಯಲ್ಲಿ ಇಂದಿಗೂ ಕನ್ನಡವಾಡುವ ಮನೆಗಳುಂಟು. ಪೀಣ್ಯದ ಒಂದು ಪಾಲಿನ ನೀರು ವೃಷಭಾವತಿಯೊಡನೆ ಬಿಡದಿಯ ಬಳಿಯ ಬೈರಮಂಗಲದ ರೈತನ ಗದ್ದೆಗೆ ಇಳಿಯುವುದು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ ಕೋಲಾರದ ಬತ್ತಿದ ಕೆರೆಗಳಿಗೆ ತುಂಬುವ ಏರ್ಪಾಡು 2018ರಲ್ಲಿ ಆರಂಭವಾಯಿತು. ಆ ಜುಲೈ ತಿಂಗಳಲ್ಲಿಯೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿಕೊಳ್ಳಲು, ಉಚ್ಚ ನ್ಯಾಯಾಲಯವು ಕೆಲಕಾಲ ಅದನ್ನು ತಡೆಯಿತು. ಬರದ ನಾಡಿನ ಸೋದರನಿಗೆ ನೀರು ಕೊಡುವುದು ಧರ್ಮ. ಅವನು ಸಂದೇಹಪಟ್ಟು ಬೊಗಸೆಯೊಡ್ಡುವಂಥ ನೀರನ್ನು ಕೊಡುವುದು ಧರ್ಮವಲ್ಲ.

ಬಂಧುಗಳೇ, ಆಲೂರ ವೆಂಕಟರಾಯರಂಥ ಹಿರಿಯರು ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ಒಂದುಗೂಡಿಸಲು ಆಯುಷ್ಯವನ್ನೇ ತೆತ್ತರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಅದು ನಕ್ಷೆಯ ಏಕೀಕರಣ. ಮೇಲಿನ ಊರಿನವನು ಕೆಳಗಿನ ಊರಿನವನನ್ನು ನೆನೆದು ನೀರು ಬಿಡುವುದೇ ಮನಸ್ಸಿನ ಏಕೀಕರಣ. ಅದು ಇನ್ನೂ ಆಗಬೇಕಾಗಿದೆ. ಹೊಸೂರಿನ, ಕಾಸರಗೋಡಿನ ಕನ್ನಡಿಗರು ನಮ್ಮವರೆಂದು ವೇದಿಕೆಯಲ್ಲಿ ಸಾರುವ ನಾವು, ಅವರ ಕಡೆಗೆ ಹರಿಯುವ ಹೊಳೆಯಲ್ಲಿ ಏನನ್ನು ಕಳುಹಿಸುತ್ತಿರುವೆವೆಂದು ಕೇಳಿಕೊಂಡೆವೇ?

ದೋಷವೆಲ್ಲ ಕಾರಖಾನೆಯದೇ, ಸರಕಾರದ್ದೇ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕೈತೊಳೆದ ಆ ನೀರೂ ವರ್ತೂರಿಗೇ ಹೋಗುವುದು! ನಮ್ಮ ಮನೆಯ ಬಚ್ಚಲಿನಿಂದಲೇ ಆ ನೊರೆಯ ಒಂದು ಹನಿ ಹೊರಟಿದೆ. ಆದುದರಿಂದ ನಮ್ಮ ಬಿನ್ನಹ ಇಷ್ಟು: ಬಟ್ಟೆಯ ಪುಡಿಯನ್ನು ಅಳತೆಯರಿತು ಬಳಸೋಣ, ನಾವಿರುವ ವಸತಿ ಸಮುಚ್ಚಯದ ಶುದ್ಧೀಕರಣ ಯಂತ್ರವು ನಿಜವಾಗಿ ನಡೆಯುತ್ತಿದೆಯೇ ಎಂದು ವಿಚಾರಿಸೋಣ, ವಿಷದ ಕೊಳವೆ ಕಂಡಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹತ್ತು ಜನ ಸೇರಿ ಬರೆಯೋಣ. ಉಪಾಧ್ಯಾಯರಾದವರು ಮಕ್ಕಳನ್ನು ಒಮ್ಮೆ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಈ ನೀರು ಮುಂದೆ ಯಾರ ಊರಿಗೆ ಹೋಗುವುದೆಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಬಲ್ಲ ಮಗು ನಾಳೆ ಬೇಲಿಯಾಚೆಗೂ ತನ್ನ ನಾಡನ್ನು ಕಾಣುವುದು.