ಊರು ಕದಲಲಿಲ್ಲ, ಗೆರೆ ಕದಲಿತು



ಗಡಿ ತಕರಾರು ಎಂದರೆ ನಾವು ಕಾಶ್ಮೀರವನ್ನು ನೆನೆಯುತ್ತೇವೆ. ನಾನು ಹರಪನಹಳ್ಳಿ ಸೀಮೆಯ ಮಾತೇ ಆಡುತ್ತೇನೆ.

1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳು ಆಗಿನ್ನೂ ಹುಟ್ಟಿರಲಿಲ್ಲ. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬುದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರು ಬೇರೆಯಾಗಿಯೇ ವಿಚಾರಣೆ ಮಾಡಬೇಕಾಯಿತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವನಿಗೆ ನಕ್ಷೆಯಲ್ಲಿ ಯಾವ ಬಣ್ಣ ಹಚ್ಚುವುದು? ತಾಲ್ಲೂಕಿಗೊಂದೇ ಬಣ್ಣ ಬಳಿದ ಕೂಡಲೆ ರಾಯದುರ್ಗದ ಕನ್ನಡಿಗರು ನಕ್ಷೆಯಿಂದ ಮಾಯವಾದರು.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನೂ ಆಂಧ್ರಕ್ಕೆ ಕೊಡಿ ಎಂದಿತು. ದೊಡ್ಡ ಕಾರಣ ತುಂಗಭದ್ರಾ ಯೋಜನೆ. ಕೇಂದ್ರ ಅದನ್ನು ಒಪ್ಪಲಿಲ್ಲ, ನಮ್ಮ ಪುಣ್ಯ. ನೆಲದ ಜಗಳ ಎಂದು ಓದುವುದು ಎಷ್ಟೋ ಸಲ ನೀರಿನ ಜಗಳವೇ.

ಇನ್ನು ಹರಪನಹಳ್ಳಿ. 1997ರಲ್ಲಿ ಅದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ದವಾಖಾನೆ, ಕಾಲೇಜು, ಮಾರ್ಕೆಟ್ಟು ಎಲ್ಲಕ್ಕೂ ದಾವಣಗೆರೆ ಹತ್ತಿರ, ಬಳ್ಳಾರಿ ದೂರ. ನಕ್ಷೆ ನೋಡಿದವರು ಸರಿಯಾಯಿತು ಎಂದೇ ಹೇಳುತ್ತಿದ್ದರು. ಆದರೆ 2013ರಲ್ಲಿ 371ಜೆ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯವರಿಗೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿತು. ಹಡಗಲಿಯ ಹುಡುಗಿಗೆ ಇದ್ದ ಅವಕಾಶ, ಅದೇ ಮಳೆ, ಅದೇ ಬರ ಕಂಡ ಪಕ್ಕದ ಹರಪನಹಳ್ಳಿಯ ಹುಡುಗಿಗೆ ಇಲ್ಲ! ಜನ ಹೋರಾಡಿದರು. 2018ರಲ್ಲಿ ತಾಲ್ಲೂಕು ದೂರದ ಬಳ್ಳಾರಿಗೇ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಊರು ಒಂದು ಗೇಣೂ ಕದಲಲಿಲ್ಲ.

ಹತ್ತಿರ, ದೂರ ಎಂಬುದನ್ನು ಬರೀ ಕಿಲೋಮೀಟರಿನಲ್ಲಿ ಅಳೆಯುವ ಭೂಗೋಳಕ್ಕೆ ಈ ಹೋರಾಟ ಅರ್ಥವಾಗುವುದಿಲ್ಲ. ಆದ್ದರಿಂದ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳಿಂದ ಒಂದೇ ನಕ್ಷೆ ಬರೆಸಬೇಡಿ. ಕಚೇರಿಯ ಗೆರೆಗೆ ಒಂದು, ನೀರಿಗೆ ಒಂದು, ಸಂತೆ ಮತ್ತು ಆಸ್ಪತ್ರೆಗೆ ಒಂದು, ಜಾತ್ರೆಗೆ ಒಂದು ಬರೆಸಿ. ಮೈಲಾರದ ಕಾರಣಿಕ ಕೇಳಲು ಹೊಳೆಯಾಚೆಯಿಂದಲೂ ಜನ ಬರುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವವರು ಜಿಲ್ಲೆಯ ಗಡಿ ಎಲ್ಲಿ ದಾಟಿದೆವೆಂದು ನೋಡುವುದಿಲ್ಲ. ನಾಲ್ಕನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಗೆರೆಗಳು ಎಲ್ಲಿ ಕೂಡುವುದಿಲ್ಲವೋ ಅಲ್ಲೇ ತಕರಾರು ಕಾಣುತ್ತದೆ.

ಮಕ್ಕಳೆ, ಇವತ್ತು ಮನೆಗೆ ಹೋಗಿ ಅಜ್ಜನ ಹೊಲದ ಹಳೇ ಕಾಗದ, ಅಪ್ಪನ ಅಂಕಪಟ್ಟಿ, ನಿಮ್ಮ ಆಧಾರ್ ಕಾರ್ಡು ತೆಗೆದು ಅವುಗಳಲ್ಲಿರುವ ಜಿಲ್ಲೆಯ ಹೆಸರು ಬರೆದುಕೊಂಡು ಬನ್ನಿ. ಸೋಮವಾರ ನಿಮ್ಮ ಮೇಷ್ಟ್ರು ಕೇಳುತ್ತಾರೆ.